ಸೆರಗು ತಾಗಿದರೂ ಉರಿಯುವ ನೋವು, ಇಪ್ಪತ್ತು ಸಾವಿರದ ಲಸಿಕೆ

ನಮ್ಮ ದೊಡ್ಡಮ್ಮ ಹದಿನಾಲ್ಕು ತಿಂಗಳಿಂದ ಸೀರೆಯ ಸೆರಗನ್ನು ಎಡ ಹೆಗಲಿಗೆ ಹಾಕಿಲ್ಲ. ಮನೆಯಲ್ಲಿದ್ದಾಗ ಹಳೆ ಪಂಚೆಯ ಬಟ್ಟೆಯಲ್ಲಿ ಹೊಲಿಸಿಕೊಂಡ ಸಡಿಲ ಅಂಗಿ, ಯಾರಾದರೂ ಬಂದರೆ ಸೆರಗು ಬಲಗಡೆಗೆ. ಎಪ್ಪತ್ತೊಂದು ವರ್ಷ, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಶುರುವಾದದ್ದು ಎಡ ಎದೆಯ ಕೆಳಗೆ ಒಂದು ಚುಚ್ಚುವ ನೋವಿನಿಂದ. ಹೃದಯವೇನೋ ಎಂದು ಹೆದರಿ ಇಸಿಜಿ ಮಾಡಿಸಿದ್ದಾಯಿತು, ಏನೂ ಇಲ್ಲ ಎಂದರು. ಗ್ಯಾಸಿನ ಮಾತ್ರೆ ನುಂಗಿದ್ದಾಯಿತು. ಮೂರನೇ ದಿನ ಬೆನ್ನಿನಿಂದ ಪಕ್ಕೆ ಸುತ್ತಿ ಮುಂದಕ್ಕೆ ನೀರುಗುಳ್ಳೆಗಳ ಸಾಲು ಎದ್ದಿತು. ಪಕ್ಕದ ಮನೆಯಾಕೆ ನೋಡಿದವರೇ ಹೆಸರು ಹೇಳಿಬಿಟ್ಟರು: ಸರ್ಪಸುತ್ತು.

ಹೆಸರು ಸರಿಯಾಗಿಯೇ ಇತ್ತು. ಆದರೆ ಆ ಹೆಸರು ನಮ್ಮಲ್ಲಿ ಕರೆದುಕೊಂಡು ಹೋಗುವ ದಾರಿ ಬೇರೆ. ನಾಟಿ ವೈದ್ಯರು ಗುಳ್ಳೆಗಳ ಮೇಲೆ ಜಾಜು ಕಲಸಿ ಹಚ್ಚಿದರು, ಉಪ್ಪು-ಹುಳಿ ಬಿಡಿಸಿದರು. ಯಾರೋ ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಳ್ಳಿ ಎಂದರು. ಚರ್ಮದ ವೈದ್ಯರ ಬಳಿ ಹೋಗುವಷ್ಟರಲ್ಲಿ ಎಂಟನೇ ದಿನ. ಗುಳ್ಳೆ ಒಣಗಿ ಹಕ್ಕಳೆ ಉದುರಿದ್ದು ಮೂರು ವಾರಕ್ಕೆ. ನೋವು ಮಾತ್ರ ಹೋಗಲಿಲ್ಲ. ಬಟ್ಟೆ ತಾಗಿದರೆ ಬೆಂಕಿ ತಾಗಿದ ಹಾಗೆ, ಫ್ಯಾನಿನ ಗಾಳಿ ಬಿದ್ದರೂ ಹಾಗೇ.

ಈ ಲೇಖನಕ್ಕೆ ಕಾರಣ ದೊಡ್ಡಮ್ಮ ಅಲ್ಲ, ಅವರ ತಂಗಿ, ಅಂದರೆ ನನ್ನಮ್ಮ. ಅಕ್ಕನ ಅವಸ್ಥೆ ಕಣ್ಣಾರೆ ಕಂಡ ಅಮ್ಮನಿಗೆ ಅಮೆರಿಕದಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಹೇಳಿದ್ದ: "ಇದಕ್ಕೆ ಲಸಿಕೆ ಇದೆ ಅಮ್ಮ, ಇಲ್ಲಿ ಐವತ್ತು ದಾಟಿದವರೆಲ್ಲ ಮೆಡಿಕಲ್ ಶಾಪಿನಲ್ಲೇ ಹಾಕಿಸ್ಕೋತಾರೆ." ಕನ್ನಡದ ಎಷ್ಟೋ ಮನೆಗಳಿಗೆ ಈ ಲಸಿಕೆಯ ಸುದ್ದಿ ಬರುವುದು ಹೀಗೇ, ವಿದೇಶದ ಮಕ್ಕಳ ಫೋನಿನಿಂದ. ಇಲ್ಲವೇ ರೋಗದ ಬಗ್ಗೆ ಎಚ್ಚರಿಸುವ, ಲಸಿಕೆಯ ಹೆಸರು ಹೇಳದ ಟೀವಿ ಜಾಹೀರಾತಿನಿಂದ. ಬೆಲೆ ಕೇಳಿ ಅಮ್ಮ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಎರಡು ಸೂಜಿಗೆ ಇಪ್ಪತ್ತು ಸಾವಿರ ಕೊಡುವುದು ಬುದ್ಧಿವಂತಿಕೆಯೋ, ದುಂದೋ?

ಮೊದಲು ರೋಗವನ್ನು ನೋಡೋಣ. ಚಿಕ್ಕಂದಿನಲ್ಲಿ ಬರುವ ಚಿಕನ್‌ಪಾಕ್ಸ್, ಹಳಬರ ಮಾತಿನಲ್ಲಿ 'ಅಮ್ಮ', ಅದರ ವೈರಾಣುವೇ ಸರ್ಪಸುತ್ತಿನ ವೈರಾಣು. ಹೆಸರು ವ್ಯಾರಿಸೆಲ್ಲಾ ಜೋಸ್ಟರ್. ಮೈಮೇಲಿನ ಗುಳ್ಳೆ ಮಾಗಿದ ಮೇಲೆ ಅದು ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹೋಗಿ ಮಲಗುತ್ತದೆ, ಐವತ್ತು-ಅರವತ್ತು ವರ್ಷ. ದೇಹದ ಕಾವಲು ಸಡಿಲವಾದಾಗ ಎದ್ದು, ತಾನು ಮಲಗಿದ್ದ ನರದ ಗುಂಟ ಹರಿದು ಚರ್ಮಕ್ಕೆ ಬರುತ್ತದೆ. ಗುಳ್ಳೆಗಿಂತ ಮೊದಲು ನೋವು ಬರುವುದು ಅದಕ್ಕೇ. ಪೆಟ್ಟು ಮೊದಲು ನರಕ್ಕೆ, ಆಮೇಲೆ ಚರ್ಮಕ್ಕೆ.

ವಯಸ್ಸಿಗೂ ಇದಕ್ಕೂ ಇರುವ ನಂಟನ್ನು ಬಿಡಿಸಿಟ್ಟವರು ದೊಡ್ಡ ಪ್ರಯೋಗಾಲಯದವರಲ್ಲ, ಇಂಗ್ಲೆಂಡಿನ ಸೈರೆನ್ಸೆಸ್ಟರ್ ಊರಿನ ಒಬ್ಬ ಸಾಮಾನ್ಯ ವೈದ್ಯ, ಎಡ್ಗರ್ ಹೋಪ್-ಸಿಂಪ್ಸನ್. ಹದಿನಾರು ವರ್ಷ ತಮ್ಮ ಕ್ಲಿನಿಕ್ಕಿಗೆ ಬಂದ 192 ಸರ್ಪಸುತ್ತಿನ ರೋಗಿಗಳ ಲೆಕ್ಕ ಬರೆದಿಟ್ಟು, ವಯಸ್ಸು ಏರಿದ ಹಾಗೆ ರೋಗ ಏರುವುದನ್ನು ತೋರಿಸಿ 1965ರಲ್ಲಿ ಪ್ರಕಟಿಸಿದರು. ವೈರಾಣು ಒಳಗೇ ಇರುತ್ತದೆ, ಅದನ್ನು ಹಿಡಿದಿಟ್ಟ ಶಕ್ತಿ ಕುಗ್ಗಿದಾಗ ಹೊರಬರುತ್ತದೆ ಎಂಬ ಅವರ ಊಹೆಯ ಮೇಲೆಯೇ ಇವತ್ತಿನ ಲಸಿಕೆ ನಿಂತಿದೆ: ಕುಗ್ಗಿದ ಆ ಶಕ್ತಿಯನ್ನು ಮತ್ತೆ ಎಬ್ಬಿಸುವುದು.

ಹಾವಿನ ತಲೆ-ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಮಾತನ್ನು ಕೇಳದವರಿಲ್ಲ. ದೊಡ್ಡಮ್ಮ ಮೊದಲ ವಾರ ನೋವಿಗಿಂತ ಹೆಚ್ಚು ಹೆದರಿದ್ದು ಅದಕ್ಕೆ, ದಿನಕ್ಕೆ ಹತ್ತು ಸಲ ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದರು. ಆ ನರಗಳು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ, ಮೈಯ ನಡುಗೆರೆಯ ಹತ್ತಿರ ಬಂದು ನಿಲ್ಲುತ್ತವೆ. ಹಾಗಾಗಿ ಸಾಲು ಒಂದೇ ಪಕ್ಕಕ್ಕೆ ನಿಲ್ಲುತ್ತದೆ, ತಲೆ ಬಾಲವನ್ನು ಮುಟ್ಟುವ ಪ್ರಸಂಗ ಬರುವುದಿಲ್ಲ. ಗುಳ್ಳೆ ಎರಡೂ ಕಡೆ ಹರಡಿ ಮೈಯೆಲ್ಲ ಎದ್ದರೆ ಮಾತ್ರ ದೇಹದ ರೋಗನಿರೋಧಕ ಶಕ್ತಿ ತೀರಾ ಕುಸಿದಿದೆ ಎಂದು ವೈದ್ಯರು ಗಾಬರಿಯಾಗುತ್ತಾರೆ. ಹಳೆಯ ನಂಬಿಕೆಯ ತಳದಲ್ಲಿ ಆ ಅನುಭವ ಇದ್ದರೂ ಇರಬಹುದು. ಇನ್ನೊಂದು ಸೋಜಿಗ: ವೈದ್ಯರ ಚೀಟಿಯಲ್ಲಿ 'ಹರ್ಪೀಸ್ ಜೋಸ್ಟರ್' ಎಂದು ಓದಿ ಅದೇನೋ ಗುಪ್ತರೋಗ ಎಂದು ಮುಜುಗರಪಡುವವರಿದ್ದಾರೆ. ಲೈಂಗಿಕ ಸಂಪರ್ಕದಿಂದ ಹರಡುವ ಹರ್ಪೀಸ್ ಬೇರೆಯೇ ವೈರಾಣು. ಹರ್ಪೀಸ್ ಎಂಬ ಗ್ರೀಕ್ ಪದಕ್ಕೆ ತೆವಳುವುದು ಎಂದರ್ಥ, ನಮ್ಮ 'ಸರ್ಪ'ದ ಮೂಲವೂ ಅದೇ ಧಾತು. ಗ್ರೀಕರೂ ನಾವೂ ಒಂದೇ ಹಾವನ್ನು ಕಂಡಿದ್ದೇವೆ.

ಅಮೆರಿಕದ ಲೆಕ್ಕದಲ್ಲಿ ಮೂವರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಬಂದವರಲ್ಲಿ ನೂರಕ್ಕೆ 10ರಿಂದ 18 ಮಂದಿಗೆ ಗುಳ್ಳೆ ಮಾಗಿದ ಮೇಲೂ ಮೂರು ತಿಂಗಳು ಮೀರಿ ನೋವು ಉಳಿಯುತ್ತದೆ, ವಯಸ್ಸಾದಷ್ಟೂ ಈ ಪಾಲು ಹೆಚ್ಚು. ದೊಡ್ಡಮ್ಮ ಈ ಗುಂಪಿಗೆ ಸೇರಿದವರು. ಪ್ರೀಗ್ಯಾಬಲಿನ್, ಅಮಿಟ್ರಿಪ್ಟಲೀನ್ ಎಂದು ನರನೋವಿನ ಮಾತ್ರೆ ಕೊಡುತ್ತಾರೆ. ನೋವು ಒಂದಿಷ್ಟು ತಗ್ಗುತ್ತದೆ, ಜೊತೆಗೆ ತೂಕಡಿಕೆ, ತಲೆಸುತ್ತು. ರಾತ್ರಿ ಬಚ್ಚಲಿಗೆ ಎದ್ದ ಮುದುಕರು ಬಿದ್ದು ಸೊಂಟ ಮುರಿದುಕೊಳ್ಳುವ ಹಾದಿ ಇಂಥ ಮಾತ್ರೆಗಳಿಂದಲೂ ತೆರೆಯುತ್ತದೆ. ಹಣೆಯ ನರಕ್ಕೆ ಬಂದರೆ ಕಣ್ಣಿಗೇ ಕುತ್ತು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅಂದೇ ಕಣ್ಣಿನ ವೈದ್ಯರನ್ನು ನೋಡಬೇಕು, ಏಕೆಂದರೆ ಆ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು.

ನಾಟಿ ಔಷಧಿಯಿಂದ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಗುಳ್ಳೆಗಳು ಏನೂ ಮಾಡದಿದ್ದರೂ ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತವೆ, ಆ ಹೊತ್ತಿಗೆ ಹಚ್ಚಿದ್ದು ಯಾವುದೋ ಅದಕ್ಕೆ ಕೀರ್ತಿ. ನಷ್ಟವಾಗುವುದು ಸಮಯ. ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಎಂಬ ವೈರಾಣು ತಡೆಯುವ ಮಾತ್ರೆಗಳು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತವೆ. ಏಳು ದಿನದ ಮಾತ್ರೆಗೆ ತಗಲುವುದು ನೂರರ ಲೆಕ್ಕದ ಖರ್ಚು. ಲಸಿಕೆಯ ಬೆಲೆ ಕೇಳಿ ಕೈಬಿಟ್ಟವರೂ ಈ ಮೂರು ದಿನದ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು: ಒಂದೇ ಪಕ್ಕದಲ್ಲಿ ನೋವು, ಅದೇ ಜಾಗದಲ್ಲಿ ನೀರುಗುಳ್ಳೆ ಎಂದರೆ ನಾಳೆ ನೋಡೋಣ ಎನ್ನುವಂತಿಲ್ಲ. ಈ ಮಾತ್ರೆಗಳಿಗೂ ಒಂದು ಮಿತಿ ಇದೆ. ಗುಳ್ಳೆ ಬೇಗ ಮಾಗುತ್ತದೆ, ಮೊದಲ ವಾರಗಳ ನೋವು ಕಡಿಮೆಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಉಳಿಯುವ ನರನೋವನ್ನು ಇವು ತಡೆಯುತ್ತವೆ ಎಂಬುದಕ್ಕೆ ಪ್ರಯೋಗಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ. ದೊಡ್ಡಮ್ಮ ಮೊದಲ ದಿನವೇ ಹೋಗಿದ್ದರೂ ಈ ಉರಿ ತಪ್ಪುತ್ತಿತ್ತು ಎಂದು ಎದೆ ತಟ್ಟಿ ಹೇಳಲಾರೆ. ಲಸಿಕೆಯ ಮಾತು ತೂಕ ಪಡೆಯುವುದು ಇಲ್ಲೇ.

ಮೊದಲ ಲಸಿಕೆ ಜೋಸ್ಟಾವ್ಯಾಕ್ಸ್, 2006ರಲ್ಲಿ ಅಮೆರಿಕದಲ್ಲಿ ಬಂತು. ಜಪಾನಿನ ಮಿಚಿಯಾಕಿ ತಕಾಹಾಶಿ 1970ರ ದಶಕದಲ್ಲಿ ದುರ್ಬಲಗೊಳಿಸಿದ ಚಿಕನ್‌ಪಾಕ್ಸ್ ವೈರಾಣುವಿನ ತಳಿಯೇ ಅದರಲ್ಲೂ ಇದ್ದದ್ದು, ಪ್ರಮಾಣ ಮಾತ್ರ ಹೆಚ್ಚು. ರೋಗವನ್ನು ತಡೆದದ್ದು ಹತ್ತಿರ ಹತ್ತಿರ ಅರ್ಧದಷ್ಟು. ಜೀವಂತ ವೈರಾಣು ಆದ್ದರಿಂದ ನಿರೋಧಕ ಶಕ್ತಿ ಕುಗ್ಗಿದವರಿಗೆ, ಅಂದರೆ ನಿಜಕ್ಕೂ ಬೇಕಿದ್ದವರಿಗೆ, ಕೊಡುವಂತಿರಲಿಲ್ಲ. 2020ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು.

ಅದನ್ನು ಹೊರಗಟ್ಟಿದ್ದು ಜಿಎಸ್‌ಕೆ ಕಂಪನಿಯ ಶಿಂಗ್ರಿಕ್ಸ್, 2017ರದು. ಇದರಲ್ಲಿ ವೈರಾಣುವೇ ಇಲ್ಲ. ಅದರ ಮೈಮೇಲಿನ ಒಂದು ಪ್ರೋಟೀನ್, ಜೊತೆಗೆ ದೇಹದ ಕಾವಲುಪಡೆಯನ್ನು ಬಡಿದೆಬ್ಬಿಸುವ ಒಂದು ಸಹಾಯಕ ದ್ರವ್ಯ. ಆ ದ್ರವ್ಯದ ಒಂದು ಭಾಗ ಚಿಲಿ ದೇಶದ ಕ್ವಿಲ್ಲಾಯ ಮರದ ತೊಗಟೆಯಿಂದ ಬರುತ್ತದೆ. ನಮ್ಮ ಅಂಟುವಾಳದ ಹಾಗೆ ನೊರೆ ಕೊಡುವ ತೊಗಟೆ, ಅಲ್ಲಿಯ ಜನ ಸೋಪಿನ ಬದಲು ಬಳಸುತ್ತಿದ್ದದ್ದು. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐವತ್ತು ದಾಟಿದ ಹದಿನೈದು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಉಪ್ಪುನೀರು. ಮೂರು ವರ್ಷದಲ್ಲಿ ಉಪ್ಪುನೀರಿನ ಗುಂಪಿನಲ್ಲಿ 210 ಜನರಿಗೆ ಸರ್ಪಸುತ್ತು, ಲಸಿಕೆಯ ಗುಂಪಿನಲ್ಲಿ 6 ಜನರಿಗೆ. ಎಪ್ಪತ್ತು ದಾಟಿದವರಲ್ಲೂ ರಕ್ಷಣೆ ಶೇ 90ರ ಸುತ್ತ. ಮುದಿ ದೇಹದಲ್ಲಿ ಲಸಿಕೆಗಳು ಸೋಲುವುದೇ ರೂಢಿ, ಫ್ಲೂ ಲಸಿಕೆಯ ಕತೆ ಗೊತ್ತಿರುವವರಿಗೆ ಈ ಅಂಕಿ ಎಷ್ಟು ಅಪರೂಪ ಎಂದು ಅರ್ಥವಾಗುತ್ತದೆ. ಹನ್ನೊಂದು ವರ್ಷದವರೆಗೆ ಹಿಂಬಾಲಿಸಿ ನೋಡಿದಾಗಲೂ ರಕ್ಷಣೆ ಶೇ 80ರ ಆಸುಪಾಸಿನಲ್ಲಿತ್ತು. ಆ ಪ್ರಯೋಗಗಳು ನಡೆದ 18 ದೇಶಗಳಲ್ಲಿ ಜಪಾನ್, ಕೊರಿಯಾ, ತೈವಾನ್ ಇದ್ದವು, ಭಾರತ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ದೇಹದಲ್ಲಿ ಇದು ಬೇರೆ ಥರ ನಡೆದುಕೊಳ್ಳುತ್ತದೆ ಎನ್ನಲು ನನಗೆ ಕಾರಣವೇನೂ ಕಾಣುವುದಿಲ್ಲ.

ಭಾರತಕ್ಕೆ ಬಂದದ್ದು 2023ರಲ್ಲಿ, ಐವತ್ತು ದಾಟಿದವರಿಗೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಒಂದು ಡೋಸ್‌ಗೆ ಹತ್ತು ಸಾವಿರ ರೂಪಾಯಿ ಆಸುಪಾಸು.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಅರವತ್ತು ದಾಟಿದ ನೂರು ಜನರನ್ನು ತೆಗೆದುಕೊಳ್ಳಿ. ಅಮೆರಿಕದ ಲೆಕ್ಕದಂತೆ ಆ ವಯಸ್ಸಿನಲ್ಲಿ ವರ್ಷಕ್ಕೆ ಸಾವಿರಕ್ಕೆ ಹತ್ತು ಮಂದಿಗೆ ಸರ್ಪಸುತ್ತು. ಅಂದರೆ ಹತ್ತು ವರ್ಷದಲ್ಲಿ ಈ ನೂರರಲ್ಲಿ ಹತ್ತು ಮಂದಿಗೆ. ನೂರಕ್ಕೂ ಲಸಿಕೆ ಹಾಕಿದರೆ ಆ ಹತ್ತರಲ್ಲಿ ಎಂಟೊಂಬತ್ತು ತಪ್ಪುತ್ತದೆ, ದೊಡ್ಡಮ್ಮನ ಥರದ ದೀರ್ಘ ನೋವು ತಪ್ಪುವುದು ಒಂದೋ ಎರಡೋ ಜನರಿಗೆ. ಖರ್ಚು ಇಪ್ಪತ್ತು ಲಕ್ಷ. ಒಂದು ದೀರ್ಘ ನೋವನ್ನು ತಪ್ಪಿಸಲು ಹತ್ತು ಲಕ್ಷದ ಮೇಲೆ ಎಂದಾಯಿತು. ಇದು ನನ್ನ ಕೈಲೆಕ್ಕ, ಆದರೂ ಸರ್ಕಾರ ಯಾಕೆ ಇದರತ್ತ ತಿರುಗಿ ನೋಡುತ್ತಿಲ್ಲ ಎಂಬುದು ಇದರಲ್ಲೇ ಕಾಣುತ್ತದೆ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಇರುವುದು ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ. ಅಲ್ಲಿ ಮಕ್ಕಳ ಚಿಕನ್‌ಪಾಕ್ಸ್ ಲಸಿಕೆಗೇ ಜಾಗವಿಲ್ಲ. ಎಪ್ಪತ್ತು ದಾಟಿದವರಿಗೆಲ್ಲ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತ್ ಆಸ್ಪತ್ರೆಗೆ ದಾಖಲಾದವರ ಖರ್ಚು ನೋಡಿಕೊಳ್ಳುತ್ತದೆ, ದಾಖಲಾಗದಂತೆ ಹಾಕಿಸಿಕೊಳ್ಳುವ ಲಸಿಕೆಯದಲ್ಲ. ಖಾಸಗಿ ವಿಮೆಗಳೂ ಬಹುತೇಕ ಹೀಗೇ. ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 2021ರಲ್ಲಿ ತಿಂಗಳಿಗೆ ₹1,200ಕ್ಕೆ ಏರಿಸಿದರು. ಆ ಹಣದಲ್ಲಿ ಎರಡು ಡೋಸ್ ಎಂದರೆ ಹದಿನಾರು ತಿಂಗಳಿಗೂ ಹೆಚ್ಚಿನ ಪಿಂಚಣಿ.

ಬೇರೆ ದೇಶಗಳು ಇದನ್ನು ಹೇಗೆ ಮಾಡಿದವು? ಬ್ರಿಟನ್ 2013ರಲ್ಲೇ ವೃದ್ಧರಿಗೆ ಸರ್ಕಾರಿ ಖರ್ಚಿನಲ್ಲಿ ಶುರು ಮಾಡಿ, 2023ರಲ್ಲಿ ಹೊಸ ಲಸಿಕೆಗೆ ಹೊರಳಿತು. ಆಸ್ಟ್ರೇಲಿಯಾ 65 ದಾಟಿದವರಿಗೆ ಉಚಿತ ಮಾಡಿತು, ಜಪಾನ್ 2025ರಿಂದ 65ರ ಹಿರಿಯರ ವಾಡಿಕೆಯ ಲಸಿಕೆಗಳ ಪಟ್ಟಿಗೆ ಸೇರಿಸಿತು. ಅವರದು ಮುಪ್ಪಾದ, ಹಣವುಳ್ಳ ದೇಶಗಳು. ನಾವೂ ಹಾಗೇ ಮಾಡಬೇಕು ಎಂದು ನಾನು ವಾದಿಸುವುದಿಲ್ಲ. ಎಲ್ಲರಿಗೂ ಉಚಿತ ಕೊಡುವ ಮಾತು ಈ ಬೆಲೆಯಲ್ಲಿ ಆಗುವಂಥದ್ದಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂತ್ರಪಿಂಡ ಕಸಿಗೆ ಕಾದಿರುವವರು, ಕ್ಯಾನ್ಸರ್ ಚಿಕಿತ್ಸೆಗೆ ಬರುವ ಹಿರಿಯರು, ಈ ಚಿಕ್ಕ ಗುಂಪಿನಿಂದ ಶುರು ಮಾಡಬಹುದು. ಇಷ್ಟಕ್ಕಾದರೂ ಕಂಪನಿಯ ಜೊತೆ ಕೂತು ಬೆಲೆ ಮಾತಾಡುವವರು ಬೇಕಲ್ಲ.

ಸ್ವದೇಶಿ ಲಸಿಕೆ ಬಂದರೆ ಬೆಲೆ ಇಳಿಯುತ್ತದೆ ಎಂಬ ಆಸೆ ಸಹಜ. ಮಕ್ಕಳ ಭೇದಿಯ ರೋಟಾವೈರಸ್ ಲಸಿಕೆಯಲ್ಲಿ ಹಾಗೇ ಆಯಿತು. ಇಲ್ಲಿ ತೊಡಕಿರುವುದು ಆ ಮರದ ತೊಗಟೆಯ ದ್ರವ್ಯದಲ್ಲಿ. ಅದೇ ಬಗೆಯ ದ್ರವ್ಯ ಇರುವ ಮಲೇರಿಯಾ ಲಸಿಕೆಯ ಪ್ರೋಟೀನ್ ತಯಾರಿಕೆಯನ್ನು ಜಿಎಸ್‌ಕೆ ಹೈದರಾಬಾದಿನ ಭಾರತ್ ಬಯೋಟೆಕ್‌ಗೆ ಒಪ್ಪಿಸಿತು, ದ್ರವ್ಯದ ತಯಾರಿಕೆಯನ್ನು ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಿತು.

ಇಪ್ಪತ್ತು ಸಾವಿರ ಕೊಡಬಲ್ಲ ಮನೆಯ ಲೆಕ್ಕ ಬೇರೆ. ಸರ್ಕಾರ ನೂರು ಜನರ ಸರಾಸರಿ ನೋಡುತ್ತದೆ, ಮನೆಯವರು ಒಬ್ಬರನ್ನು ನೋಡುತ್ತಾರೆ. ನನ್ನ ಮಟ್ಟಿಗೆ ಮೊದಲ ಸಾಲಿನಲ್ಲಿ ಬರುವವರು 65 ದಾಟಿದ ಸಕ್ಕರೆ ಕಾಯಿಲೆಯವರು. ಈ ಕಾಯಿಲೆ ಇರುವವರಿಗೆ ಸರ್ಪಸುತ್ತಿನ ಸಂಭವ ಹೆಚ್ಚು, ದೇಶದಲ್ಲಿ ಅವರ ಸಂಖ್ಯೆ ಹತ್ತು ಕೋಟಿ ದಾಟಿದೆ ಎಂದು ಐಸಿಎಂಆರ್ ಸಮೀಕ್ಷೆ 2023ರಲ್ಲಿ ಹೇಳಿತು. ಅವರ ಜೊತೆಗೆ ಸಂಧಿವಾತಕ್ಕೆ ಟೋಫಾಸಿಟಿನಿಬ್ ತೆಗೆದುಕೊಳ್ಳುವವರು. ಅಗ್ಗದ ಜೆನೆರಿಕ್ ಬಂದಮೇಲೆ ಇಲ್ಲಿ ಧಾರಾಳವಾಗಿ ಬರೆಯುವ ಈ ಮಾತ್ರೆ ಸರ್ಪಸುತ್ತಿನ ಅಪಾಯವನ್ನು ಸ್ಪಷ್ಟವಾಗಿ ಹೆಚ್ಚಿಸುತ್ತದೆ. ದೀರ್ಘಕಾಲ ಸ್ಟೀರಾಯ್ಡ್ ಮೇಲಿರುವವರೂ ಅಷ್ಟೇ. ಐವತ್ತೆರಡರ, ಯಾವ ಕಾಯಿಲೆಯೂ ಇಲ್ಲದವರು ನನ್ನನ್ನು ಕೇಳಿದರೆ, ಆ ಹಣದಲ್ಲಿ ಮೊದಲು ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ, ಇದಕ್ಕೆ ಇನ್ನೂ ಸಮಯವಿದೆ ಎನ್ನುತ್ತೇನೆ. ಕಂಪನಿಯ ಜಾಹೀರಾತು ಹಾಗೆ ಹೇಳಲಿಕ್ಕಿಲ್ಲ.

ಇತ್ತೀಚೆಗೆ ಈ ಲಸಿಕೆಗೆ ಇನ್ನೊಂದು ಆಕರ್ಷಣೆ ಸೇರಿಕೊಂಡಿದೆ, ಮರೆಗುಳಿತನ. ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಲಸಿಕೆ ಶುರುವಾದಾಗ ಒಂದು ಗೆರೆ ಎಳೆದಿದ್ದರು. 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅರ್ಹತೆ, ಒಂದು ದಿನ ಮೊದಲು ಹುಟ್ಟಿದವರಿಗೆ ಎಂದೆಂದಿಗೂ ಇಲ್ಲ. ಗೆರೆಯಿಂದ ಮುಂದಿನ ಒಂದು ವಾರದಲ್ಲಿ ಹುಟ್ಟಿದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹಾಕಿಸಿಕೊಂಡರು, ಗೆರೆಗೆ ಮೊದಲು ಹುಟ್ಟಿದವರಲ್ಲಿ ಯಾರೂ ಇಲ್ಲವೆನ್ನಬಹುದು. ಸಾಮಾನ್ಯವಾಗಿ ಲಸಿಕೆ ಹಾಕಿಸಿಕೊಳ್ಳುವವರು ಮೊದಲೇ ಆರೋಗ್ಯದ ಮೇಲೆ ನಿಗಾ ಇರುವವರು, ಆದ್ದರಿಂದ ಹೋಲಿಕೆ ಕೆಡುತ್ತದೆ. ಇಲ್ಲಿ ಒಂದು ವಾರದ ಹಿಂದುಮುಂದು ಹುಟ್ಟಿದವರ ನಡುವೆ ಬೇರೆ ಯಾವ ವ್ಯತ್ಯಾಸವಿರಲು ಸಾಧ್ಯ? ಸ್ಟ್ಯಾನ್‌ಫರ್ಡ್‌ನ ಪಾಸ್ಕಲ್ ಗೆಲ್ಡ್‌ಸೆಟ್ಜರ್ ತಂಡ ಏಳು ವರ್ಷದ ದಾಖಲೆ ನೋಡಿ, ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ ಸುಮಾರು ಐದನೇ ಒಂದರಷ್ಟು ಕಡಿಮೆ ಎಂದು 2025ರಲ್ಲಿ ಪ್ರಕಟಿಸಿತು. ಪರಿಣಾಮ ಹೆಂಗಸರಲ್ಲಿ ಹೆಚ್ಚು ಕಂಡಿತು. ಅಧ್ಯಯನದ ಜಾಣ್ಮೆಗೆ ತಲೆದೂಗುತ್ತೇನೆ. ಆದರೆ ಅಲ್ಲಿ ಕೊಟ್ಟದ್ದು ಹಳೆಯ ಜೋಸ್ಟಾವ್ಯಾಕ್ಸ್. ಹೊಸದರಲ್ಲೂ ಇಂಥ ಸೂಚನೆ ಆಕ್ಸ್‌ಫರ್ಡ್‌ನ ಒಂದು ಅಧ್ಯಯನದಲ್ಲಿ ಕಂಡಿದೆ, ಯಾಕೆ ಹೀಗಾಗುತ್ತದೆ ಎಂಬ ವಿವರಣೆ ಇನ್ನೂ ಗಟ್ಟಿಯಾಗಿಲ್ಲ. ಮರೆವು ಬಾರದಿರಲಿ ಎಂದೇ ಇದನ್ನು ಹಾಕಿಸಿಕೊಳ್ಳಿ ಎಂದು ಯಾರಾದರೂ ಮಾರಲು ಬಂದರೆ ಒಂದು ಹೆಜ್ಜೆ ಹಿಂದೆ ನಿಲ್ಲುವುದು ಒಳ್ಳೆಯದು.

ಹಾಕಿಸಿಕೊಂಡವರು ಒಂದೆರಡು ದಿನದ ಸಂಕಟಕ್ಕೆ ಸಿದ್ಧರಿರಬೇಕು. ತೋಳುನೋವು ಬಹುತೇಕ ಎಲ್ಲರಿಗೂ, ಮೈಕೈ ನೋವು, ಸುಸ್ತು, ಚಳಿಜ್ವರ ಹಲವರಿಗೆ. ಆರರಲ್ಲಿ ಒಬ್ಬರಿಗೆ ದಿನದ ಕೆಲಸ ನಿಲ್ಲುವಷ್ಟು. ಇದು ತಿಳಿಯದೆ ಮೊದಲ ಡೋಸ್‌ಗೇ ಹೆದರಿ ಎರಡನೆಯದನ್ನು ಬಿಟ್ಟವರ ಹಣ ಅರ್ಧ ನೀರಿಗೆ ಹೋದ ಹಾಗೆ. ಹತ್ತು ಲಕ್ಷ ಡೋಸ್‌ಗೆ ಮೂರರಂತೆ ಗಿಲಾನ್-ಬಾರೆ ಎಂಬ, ಕೈಕಾಲು ಸೋಲಿಸುವ ನರದ ಕಾಯಿಲೆ ಹೆಚ್ಚುವರಿಯಾಗಿ ಕಂಡಿದ್ದರಿಂದ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಎಚ್ಚರಿಕೆಯನ್ನು ಸೇರಿಸಿದರು. ಅಷ್ಟು ಅಪರೂಪದ್ದಾದರೂ ಮೊದಲು ಆ ಕಾಯಿಲೆ ಬಂದಿದ್ದವರು ವೈದ್ಯರಿಗೆ ಹೇಳಲೇಬೇಕು. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದಿತ್ತೋ ನೆನಪಿಲ್ಲ ಎಂಬುದು ತಡೆಯಲ್ಲ, ಅದಕ್ಕೆಂದು ರಕ್ತಪರೀಕ್ಷೆಯೂ ಬೇಡ. ಲಸಿಕೆ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕಾದ್ದು, ಹೆಪ್ಪುಗಟ್ಟಿದರೆ ಕೆಟ್ಟಿತು. ಅಂಗಡಿಯಿಂದ ಕೊಂಡು ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಒಯ್ಯುವ ಸಾಹಸ ಬೇಡ, ಫ್ರಿಜ್ ಇರುವ, ಅಲ್ಲೇ ಹಾಕುವ ಕಡೆ ಹಾಕಿಸಿ.

ಅಮ್ಮನಿಗೆ ಅರವತ್ತೇಳು, ಅವಳಿಗೂ ಸಕ್ಕರೆ ಇದೆ. ಒಂದು ಶುಕ್ರವಾರ ಹಾಕಿಸಿಕೊಂಡಳು, ಶನಿವಾರ ಇಡೀ ಹೊದ್ದು ಮಲಗಿದಳು, ಭಾನುವಾರ ಎದ್ದು ಕಾಫಿ ಸೋಸಿದಳು. ಎರಡನೆಯದಕ್ಕೆ ಕ್ಯಾಲೆಂಡರಿನಲ್ಲಿ ಮೂರು ತಿಂಗಳಾಚೆಯ ತಾರೀಖಿಗೆ ಸುತ್ತು ಹಾಕಿದ್ದಾಳೆ.

ಸುದ್ದಿ ತಿಳಿದು ದೊಡ್ಡಮ್ಮ ಫೋನ್ ಮಾಡಿದರು. "ನಾನೂ ಈಗ ಹಾಕಿಸ್ಕೊಂಡ್ರೆ ಈ ಉರಿ ಹೋಗತ್ತೇನೋ?" ಹೋಗುವುದಿಲ್ಲ ದೊಡ್ಡಮ್ಮ, ಮತ್ತೊಮ್ಮೆ ಬಾರದ ಹಾಗೆ ತಡೆಯುತ್ತೆ ಅಷ್ಟೇ, ಆಗಲೇ ಪೆಟ್ಟು ತಿಂದ ನರವನ್ನು ಸರಿ ಮಾಡಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಮತ್ತೊಮ್ಮೆ ಬೇರೆ ಬರತ್ತಾ ಇದು?"